ಸೆಲ್ಲಿಲ್ಲದ ಕಂಟ್ರೋಲರಿಗೆ ತೋಟವನ್ನು ಒಪ್ಪಿಸಬಹುದೇ?

ಕಳೆದ ಬೇಸಿಗೆಯಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ರೈತರೊಬ್ಬರು ಬಾಳೆಯ ಎರಡು ಎಲೆಗಳನ್ನು ಗೋಣಿಚೀಲದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು. ಎಲೆಯ ಹಾಳೆಗಳು ನಡುದಿಂಡಿನ ಎರಡೂ ಕಡೆಯಿಂದ ಕೆಳಕ್ಕೆ ಮಡಚಿಕೊಂಡಿದ್ದವು. ಅಂಚು ಸುಟ್ಟಂತೆ ಒಣಗಿತ್ತು. "ಸೊರಗು ರೋಗ ಬಂದುಬಿಟ್ಟಿದೆ ಸಾರ್. ಏಲಕ್ಕಿ ಬಾಳೆ, ಗೊನೆ ಹಾಕೋ ಹೊತ್ತು. ಔಷಧಿ ಏನಾದರೂ ಇದೆಯಾ, ಇಲ್ಲ ಕಿತ್ತು ಹಾಕೋದೇನಾ?" ಎಂದು ಕೇಳಿದರು. ಆ ಭಾಗದಲ್ಲಿ ಪನಾಮಾ ಸೊರಗು ರೋಗದ ಹೆಸರು ಕೇಳಿದರೆ ಯಾರ ಎದೆಯಾದರೂ ನಡುಗುತ್ತದೆ. ನಂಜನಗೂಡಿನ ರಸಬಾಳೆ ತನ್ನ ಹುಟ್ಟೂರಿನಲ್ಲೇ ಅಪರೂಪವಾದದ್ದು ಮುಖ್ಯವಾಗಿ ಈ ರೋಗದಿಂದ. ಮರುದಿನವೇ ಅವರ ತೋಟಕ್ಕೆ ಹೋದೆ.

ಒಂದು ಗಿಡದ ದಿಂಡನ್ನು ಅಡ್ಡಲಾಗಿ ಕತ್ತರಿಸಿ ನೋಡಿದೆ, ಗಡ್ಡೆಯನ್ನೂ ಸೀಳಿ ನೋಡಿದೆ. ಸೊರಗು ರೋಗವಾಗಿದ್ದರೆ ಕಾಣಬೇಕಾದ ಕೆಂಪು ಕಂದು ಬಣ್ಣದ ಗೆರೆಗಳು ಎಲ್ಲಿಯೂ ಇರಲಿಲ್ಲ. ಒಳಗೆಲ್ಲ ಬೆಳ್ಳಗಿತ್ತು. ಬುಡದ ಮೇಲೆ ಹೊದಿಸಿದ್ದ ತರಗನ್ನು ಸರಿಸಿ, ಹನಿ ಬೀಳುವ ಜಾಗದಲ್ಲಿ ಗೇಣುದ್ದ ಅಗೆದು ಒಂದು ಹಿಡಿ ಮಣ್ಣನ್ನು ತೆಗೆದು ಹಿಸುಕಿದೆ. ಮಣ್ಣು ಉಂಡೆ ಕಟ್ಟದೆ ಬೆರಳ ಸಂದಿಯಿಂದ ಉದುರಿಹೋಯಿತು.

"ನೀರು ಬಿಟ್ಟು ಎಷ್ಟು ದಿನವಾಯಿತು?" ಎಂದೆ.

"ದಿನಾ ಬಿಡುತ್ತಲ್ಲ ಸಾರ್, ಆಟೋಮ್ಯಾಟಿಕ್ಕು," ಎಂದರು.

ಅವರ ವ್ಯವಸ್ಥೆ ಹೀಗಿತ್ತು. ಕೊಳವೆ ಬಾವಿಯ ಮೋಟಾರು ಆಟೋ ಸ್ಟಾರ್ಟರಿನಿಂದ ಚಾಲೂ ಆಗಿ, ಕರೆಂಟು ಬಂದಾಗಲೆಲ್ಲ ತೊಟ್ಟಿ ತುಂಬಿಸುತ್ತದೆ. ತೊಟ್ಟಿಯಿಂದ ಹನಿ ಕೊಳವೆಗಳಿಗೆ ನೀರು ತಳ್ಳುವ ಇನ್ನೊಂದು ಚಿಕ್ಕ ಪಂಪನ್ನೂ ನಾಲ್ಕು ವಾಲ್ವುಗಳನ್ನೂ ಒಂದು ಕಂಟ್ರೋಲರು ನಡೆಸುತ್ತದೆ. ಬೆಳಿಗ್ಗೆ 8 ಗಂಟೆಗೆ ಮೊದಲನೆಯ ವಾಲ್ವು, ಆಮೇಲೆ ಸರದಿಯಂತೆ ಉಳಿದವು. ಮೂರು ವರ್ಷದಿಂದ ಅದು ಚೆನ್ನಾಗಿಯೇ ನಡೆದಿತ್ತು. ಆ ಕಂಟ್ರೋಲರಿನ ಒಳಗೆ ಒಂದು ಪುಟ್ಟ ಸೆಲ್ಲು ಇರಬೇಕಿತ್ತು. ಎರಡು ವರ್ಷದ ಹಿಂದೆ ಸೆಲ್ಲಿನ ಎಚ್ಚರಿಕೆಯ ಕೆಂಪು ದೀಪ ಹತ್ತಿಕೊಂಡಾಗ ಬಂದ ಮೆಕ್ಯಾನಿಕ್ಕು, "ಹೊಸದು ಸಿಗೋದು ತಡ, ಇದಿಲ್ಲದೆಯೂ ಓಡುತ್ತೆ" ಎಂದು ಸೆಲ್ಲನ್ನು ತೆಗೆದುಹಾಕಿ, ಎಚ್ಚರಿಕೆಯ ದೀಪ ಹತ್ತದಂತೆಯೂ ಮಾಡಿ ಹೋಗಿದ್ದ. ಕೆಲವು ಕಂಟ್ರೋಲರುಗಳಲ್ಲಿ ಈ ದೀಪವನ್ನು ಪ್ರೋಗ್ರಾಂನಿಂದಲೇ ಆರಿಸಿಡುವ ಸೌಕರ್ಯ ಇರುವುದು ನಿಜ. ಏಕೆ ಇಟ್ಟಿದ್ದಾರೋ, ನನಗಂತೂ ಅದು ಒಳ್ಳೆಯದೆನಿಸಿಲ್ಲ.

ಅವನು ಹೇಳಿದ ಹಾಗೆ ಎರಡು ವರ್ಷ ಓಡಿತು. ಕಾರಣ ಬೇರೆಯೇ. ಕಂಟ್ರೋಲರಿನ ಪೆಟ್ಟಿಗೆ ಮನೆಯ ಗೋಡೆಯ ಮೇಲಿತ್ತು, ಮನೆಗೆ ಇನ್ವರ್ಟರು ಇತ್ತು. ಹೀಗಾಗಿ ಕಂಟ್ರೋಲರು ಒಂದು ಗಳಿಗೆಯೂ ಆರಿರಲಿಲ್ಲ. ಈ ಬೇಸಿಗೆಯಲ್ಲಿ ಮಗಳ ಮದುವೆಗೆಂದು ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಆ ಪೆಟ್ಟಿಗೆಯನ್ನು ಕಳಚಿ ಪಂಪ್‌ಹೌಸಿಗೆ ಸಾಗಿಸಿ, ಪಂಪ್‌ಸೆಟ್ಟಿನ ಲೈನಿಗೆ ಸೇರಿಸಿದರು. ಆ ಲೈನಿಗೆ ದಿನಕ್ಕೆ 7 ಗಂಟೆ ಮಾತ್ರ ಕರೆಂಟು.

ಕರೆಂಟು ಹೋದಾಗ ಕಂಟ್ರೋಲರಿನ ಗಡಿಯಾರವನ್ನು ನಡೆಸುತ್ತಿರುವುದು ಆ ಸೆಲ್ಲು. ಅದಿಲ್ಲವಾದರೆ ಕರೆಂಟು ಬಂದಾಗಲೆಲ್ಲ ಅವರ ಕಂಟ್ರೋಲರಿನ ಗಡಿಯಾರ ಸೊನ್ನೆ ಗಂಟೆಯಿಂದ, ಅಂದರೆ ನಡುರಾತ್ರಿಯಿಂದ, ಎಣಿಕೆ ಹಿಡಿಯುತ್ತಿತ್ತು. ಒಂದು, ಎರಡು, ಮೂರು... ಹೆಚ್ಚೆಂದರೆ ಏಳು. ಅಷ್ಟರಲ್ಲಿ ಕರೆಂಟು ಹೋಯಿತು. ಮರುದಿನ ಮತ್ತೆ ಸೊನ್ನೆಯಿಂದ. ಆ ಯಂತ್ರದ ಪಾಲಿಗೆ ಬೆಳಗಿನ 8 ಗಂಟೆ ಎಂಬುದು ಬರಲೇ ಇಲ್ಲ! ಹಸಿರು ದೀಪ ಉರಿಯುತ್ತಿತ್ತು. ಕೊಳವೆ ಬಾವಿಯ ಮೋಟಾರಿನ ಸದ್ದೂ ಕೇಳುತ್ತಿತ್ತು. ಮದುವೆಯ ಓಡಾಟದಲ್ಲಿದ್ದ ಮನೆಯವರು ಆ ಸದ್ದನ್ನು ಕೇಳಿ ತೋಟಕ್ಕೆ ನೀರು ಹೋಗುತ್ತಿದೆಯೆಂದು ತಿಳಿದಿದ್ದರು. ಹೀಗೆ 11 ದಿನ ಕಳೆದಿತ್ತು. ಆ ದಿನಗಳಲ್ಲಿ ಹೊರಬರುತ್ತಿದ್ದ ಗೊನೆಗಳಲ್ಲಿ ಚಿಪ್ಪುಗಳು ಕಡಿಮೆಯಾದವು, ಕಾಯಿ ತುಂಬಲಿಲ್ಲ. ಆಮೇಲೆ ಕೊಟ್ಟ ನೀರು, ಗೊಬ್ಬರದಿಂದ ಅದು ಸರಿಹೋಗಲಿಲ್ಲ.

ನಾನು ಬೇಸಾಯ ಶಾಸ್ತ್ರದವನು, ವಿದ್ಯುತ್ ಶಾಸ್ತ್ರದವನಲ್ಲ. ಆದರೂ ಈ ವಿಷಯ ಬರೆಯಲು ಕುಳಿತದ್ದಕ್ಕೆ ಕಾರಣವಿದೆ. ಇಂದು ನೀರು, ಗೊಬ್ಬರ ಎಷ್ಟು ಕೊಡಬೇಕೆಂದು ನಾವು ಶಿಫಾರಸು ಮಾಡುತ್ತೇವೆ, ರೈತರು ಅದನ್ನು ಕಂಟ್ರೋಲರಿಗೆ ತುಂಬಿಸುತ್ತಾರೆ. ಆ ಶಿಫಾರಸು ಗಿಡವನ್ನು ಮುಟ್ಟುವುದು ಆ ಪೆಟ್ಟಿಗೆಯ ನೆನಪು ಗಟ್ಟಿಯಾಗಿದ್ದರೆ ಮಾತ್ರ.

ನೆನಪು ಎಲ್ಲಿರುತ್ತದೆ?

ನಮಗೆಲ್ಲ ಪರಿಚಯವಿರುವ ಆಟೋ ಸ್ಟಾರ್ಟರನ್ನೇ ತೆಗೆದುಕೊಳ್ಳೋಣ. ಅದರೊಳಗಿರುವುದು ರಿಲೇಗಳು. ಯಾವ ತಂತಿ ಎಲ್ಲಿಗೆ ಸೇರಿದೆ ಎಂಬುದೇ ಅದರ ಬುದ್ಧಿ. ತಂತಿಯನ್ನು ಯಾರೂ ಕಿತ್ತುಹಾಕದಿದ್ದರೆ ವರ್ಷಗಟ್ಟಲೆ ಕರೆಂಟಿಲ್ಲದಿದ್ದರೂ ಅದು ತನ್ನ ಕೆಲಸವನ್ನು ಮರೆಯುವುದಿಲ್ಲ. ಕಾರ್ಖಾನೆಗಳಲ್ಲಿಯೂ ಹಿಂದೆ ಇಂಥ ರಿಲೇಗಳ ಸಾಲುಗಳೇ ಇದ್ದವು. ಕೆಲಸ ಬದಲಾದಾಗಲೆಲ್ಲ ತಂತಿಗಳನ್ನು ಬಿಚ್ಚಿ ಮತ್ತೆ ಕಟ್ಟುವುದು ಬೇಸರವಾಗಿ, 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಇದಕ್ಕೊಂದು ಬದಲಿ ಯಂತ್ರ ಬೇಕೆಂದು ಕೇಳಿತು. ರಿಚರ್ಡ್ ಮಾರ್ಲೆ ಮತ್ತು ಅವರ ಸಂಗಡಿಗರು ತಯಾರಿಸಿಕೊಟ್ಟ ಯಂತ್ರದ ಹೆಸರು ಮೋಡಿಕಾನ್ 084. ಅದು ಅವರ ಸಂಸ್ಥೆಯ 84ನೆಯ ಯೋಜನೆಯಾಗಿದ್ದರಿಂದ ಆ ಹೆಸರು. ಇಂದು ಪಿ.ಎಲ್.ಸಿ. ಎಂದು ಕರೆಯುವ ಕಂಟ್ರೋಲರುಗಳ ಮೂಲ ಪುರುಷ ಅದೇ. ಸ್ವಾರಸ್ಯವೆಂದರೆ, ಆ ಮೊದಲ ಯಂತ್ರಕ್ಕೆ ನೆನಪಿಗಾಗಿ ಸೆಲ್ಲು ಬೇಕಿರಲಿಲ್ಲ. ಅದರ ನೆನಪಿದ್ದದ್ದು ಸಾಸಿವೆ ಗಾತ್ರದ ಕಾಂತದ ಬಳೆಗಳಲ್ಲಿ. ಕರೆಂಟು ಹೋದರೂ ಕಾಂತ ಕಾಂತವಾಗಿಯೇ ಉಳಿಯುತ್ತಿತ್ತು.

ಅದರ ತರುವಾಯ ಅಗ್ಗವಾದ, ಚುರುಕಾದ ಸಿಲಿಕಾನ್ ನೆನಪು ಬಂತು. ರ‍್ಯಾಮ್ ಎಂದು ಹೆಸರಿರುವ ಈ ನೆನಪಿಗೆ ಒಂದು ದೋಷ. ಕರೆಂಟಿರುವವರೆಗೆ ಮಾತ್ರ ಅದು ಹಿಡಿದಿಟ್ಟುಕೊಳ್ಳುತ್ತದೆ. ಕರಿಹಲಗೆಯ ಮೇಲೆ ನೀರಿನಲ್ಲಿ ಬರೆದಂತೆ. ಅದಕ್ಕಾಗಿಯೇ ಸೆಲ್ಲು ಸೇರಿತು. ಲೈನಿನ ಕರೆಂಟು ಹೋದಾಗ ಅತಿ ಸಣ್ಣ ಪ್ರಮಾಣದ ವಿದ್ಯುತ್ತನ್ನು ಕೊಟ್ಟು ನೆನಪನ್ನು ಉಳಿಸುವುದೇ ಅದರ ಕೆಲಸ. ಇನ್ನೊಂದು ಜಾತಿಯ ನೆನಪಿಗೆ ಇ.ಇ.ಪ್ರಾಮ್, ಫ್ಲ್ಯಾಶ್ ಎಂದು ಹೆಸರು. ಇವು ಕಲ್ಲಿನ ಮೇಲೆ ಕೆತ್ತಿದಂತೆ, ಸೆಲ್ಲಿಲ್ಲದೆಯೂ ಅಳಿಯುವುದಿಲ್ಲ.

ಒಂದೇ ಕಂಪನಿಯ ಎರಡು ಮಾದರಿಗಳಲ್ಲಿಯೂ ಈ ವ್ಯತ್ಯಾಸವಿರುತ್ತದೆ. ಮಿತ್ಸುಬಿಷಿಯವರ ಎಫ್.ಎಕ್ಸ್.2ಎನ್. ಮಾದರಿಯಲ್ಲಿ ಪ್ರೋಗ್ರಾಂ ಇರುವುದು ಸೆಲ್ಲಿನ ಆಸರೆಯ ಮೇಲೆ. ಅದೇ ಕಂಪನಿಯ ಎಫ್.ಎಕ್ಸ್.1ಎನ್. ಮಾದರಿಯಲ್ಲಿ ಪ್ರೋಗ್ರಾಂಗೆ ಸೆಲ್ಲು ಬೇಡ. ನೋಡಲು ಎರಡೂ ಅಣ್ಣ ತಮ್ಮಂದಿರಂತಿರುತ್ತವೆ. ನೆರೆಯವನ ಕಂಟ್ರೋಲರು ಸೆಲ್ಲಿಲ್ಲದೆ ನಡೆಯುತ್ತಿದೆಯೆಂದು ನಿಮ್ಮದೂ ನಡೆಯುತ್ತದೆಂದು ಭಾವಿಸಿದರೆ ಮೋಸ ಹೋಗುವುದು ಇಲ್ಲಿಯೇ.

ಗುಂಡ್ಲುಪೇಟೆಯ ಕಂಟ್ರೋಲರು ಎರಡನೆಯ ಜಾತಿಯದು. ಆದ್ದರಿಂದ ಅದರ ಪ್ರೋಗ್ರಾಂ ಅಳಿಸಿಹೋಗಿರಲಿಲ್ಲ. ಅಳಿದದ್ದು ಹೊತ್ತು ಮಾತ್ರ. ಮೊದಲನೆಯ ಜಾತಿಯದಾಗಿದ್ದರೆ ಮೊದಲ ದಿನವೇ ಕೆಂಪು ದೀಪ ಹತ್ತಿಕೊಂಡು ನಿಂತುಬಿಡುತ್ತಿತ್ತು, ಮನೆಯವರಿಗೆ ಅಂದೇ ತಿಳಿಯುತ್ತಿತ್ತು. ಅರ್ಧ ಮರೆತ ಯಂತ್ರ ಪೂರ್ತಿ ಮರೆತ ಯಂತ್ರಕ್ಕಿಂತ ಹೆಚ್ಚು ನಷ್ಟ ಮಾಡಿದ ಉದಾಹರಣೆ ಇದು.

ಕಾರ್ಖಾನೆಯ ಲೆಕ್ಕ, ನಮ್ಮ ಲೆಕ್ಕ

ಸೆಲ್ಲನ್ನು ಎಷ್ಟು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂದು ತಯಾರಕರು ಪುಸ್ತಕದಲ್ಲಿ ಬರೆದಿರುತ್ತಾರೆ. ಕೆಲವರು ವರ್ಷಕ್ಕೊಮ್ಮೆ ಎನ್ನುತ್ತಾರೆ, ಕೆಲವರು ಐದು ವರ್ಷದವರೆಗೂ ಬರುತ್ತದೆನ್ನುತ್ತಾರೆ. ಈ ಅವಧಿಯನ್ನು ನಮ್ಮ ರೈತರು ಹಾಗೆಯೇ ಒಪ್ಪಬಾರದು. ಲೈನಿನಲ್ಲಿ ಕರೆಂಟಿರುವಾಗ ಸೆಲ್ಲು ಸುಮ್ಮನೆ ಕುಳಿತಿರುತ್ತದೆ. ಅದು ದುಡಿಯುವುದು ಕರೆಂಟು ಇಲ್ಲದಾಗ. ವಾರಕ್ಕೊಂದು ದಿನ ರಜೆಯಿರುವ ಕಾರ್ಖಾನೆಯಲ್ಲಿ, ರಜೆಯ ದಿನ ಮಾತ್ರ ಮೇನ್ ಸ್ವಿಚ್ಚು ಆರಿಸಿದರೆ, ವರ್ಷಕ್ಕೆ ಸುಮಾರು 1,250 ಗಂಟೆ ಸೆಲ್ಲಿಗೆ ಕೆಲಸ. ದಿನಕ್ಕೆ 7 ಗಂಟೆ ಕರೆಂಟಿರುವ ಪಂಪ್‌ಸೆಟ್ಟಿನ ಲೈನಿನಲ್ಲಿ ಉಳಿದ 17 ಗಂಟೆ ಅದಕ್ಕೆ ಕೆಲಸ. ವರ್ಷಕ್ಕೆ 6,200 ಗಂಟೆ ಮೀರುತ್ತದೆ. ಸುಮಾರು ಐದು ಪಟ್ಟು. ಇದರ ಮೇಲೆ ನಮ್ಮ ಪಂಪ್‌ಹೌಸುಗಳ ತಗಡಿನ ಮಾಡು, ಏಪ್ರಿಲ್ ತಿಂಗಳ ಕಾವು. ಬಿಸಿ ಹೆಚ್ಚಿದಷ್ಟೂ ಸೆಲ್ಲು ತನ್ನಷ್ಟಕ್ಕೆ ತಾನೇ ಬೇಗ ಸವೆಯುತ್ತದೆ.

ಸೆಲ್ಲಿನಲ್ಲಿ ಶಕ್ತಿ ಉಳಿದಿದೆಯೇ ಎಂದು ಮೀಟರು ಹಚ್ಚಿ ನೋಡುವುದರಿಂದಲೂ ಹೆಚ್ಚು ಉಪಯೋಗವಿಲ್ಲ. ಇವುಗಳಲ್ಲಿ ಸಾಮಾನ್ಯವಾಗಿ ಬಳಸುವ 3.6 ವೋಲ್ಟಿನ ಲಿಥಿಯಂ ಸೆಲ್ಲು ಕೊನೆಗಾಲದವರೆಗೂ ಹೆಚ್ಚು ಕಡಿಮೆ ಅಷ್ಟೇ ವೋಲ್ಟನ್ನು ತೋರಿಸುತ್ತಿದ್ದು, ಆಮೇಲೆ ಒಮ್ಮೆಗೇ ಕುಸಿಯುತ್ತದೆ. ಮೀಟರನ್ನು ನಂಬುವುದಕ್ಕಿಂತ ತಾರೀಖನ್ನು ನಂಬುವುದು ವಾಸಿ. ನನ್ನ ಅಭಿಪ್ರಾಯದಲ್ಲಿ, ಪಂಪ್‌ಸೆಟ್ಟಿನ ಲೈನಿನಲ್ಲಿರುವ ಕಂಟ್ರೋಲರಿಗೆ ಪುಸ್ತಕ ಏನೇ ಹೇಳಲಿ, ಪ್ರತಿ ವರ್ಷ ಮುಂಗಾರಿಗೆ ಮೊದಲು ಹೊಸ ಸೆಲ್ಲು ಹಾಕಿಬಿಡಬೇಕು. ಬೆಲೆ ಕೆಲವು ನೂರು ರೂಪಾಯಿ. ಕಂಟ್ರೋಲರನ್ನು ಮನೆಯ ಇನ್ವರ್ಟರಿಗೆ ಸೇರಿಸಲು ಅನುಕೂಲವಿದ್ದವರು ಎರಡು ಮೂರು ವರ್ಷ ಬಿಡಬಹುದು.

ಈ ಸೆಲ್ಲುಗಳಲ್ಲಿ ಕೆಲವು ಪೆನ್ ಟಾರ್ಚಿನ ಸೆಲ್ಲಿನ ಆಕಾರದಲ್ಲೇ ಇರುತ್ತವೆ. ಅದನ್ನು ಕಂಡು ಸಂತೆಯಲ್ಲಿ ಸಿಗುವ ಟಾರ್ಚ್ ಸೆಲ್ಲನ್ನು ಹಾಕಿದವರನ್ನು ನೋಡಿದ್ದೇನೆ. ಅದರದು 1.5 ವೋಲ್ಟು, ಇದರದು 3.6. ಅಲ್ಲಿಗೆ ಇದು ಸಲ್ಲದು, ಇಲ್ಲಿಗೆ ಅದು ಸಲ್ಲದು. ಲಿಥಿಯಂ ಸೆಲ್ಲನ್ನು ಚಾರ್ಜು ಮಾಡಲು ಹೋಗುವುದಾಗಲಿ ಒಲೆಗೆ ಎಸೆಯುವುದಾಗಲಿ ಅಪಾಯ. ಮಕ್ಕಳ ಕೈಗೂ ಸಿಗಬಾರದು.

ನನ್ನದೇ ತಪ್ಪು

ಇನ್ನೊಬ್ಬರ ತೋಟದ ಕಥೆ ಹೇಳಿ ನನ್ನದನ್ನು ಮುಚ್ಚಿಟ್ಟರೆ ನ್ಯಾಯವಲ್ಲ. ಸುಮಾರು ಹತ್ತು ವರ್ಷಗಳ ಹಿಂದೆ ಪಾಲಿಹೌಸಿನಲ್ಲಿ ದಪ್ಪ ಮೆಣಸಿನಕಾಯಿಗೆ ಪೊಟ್ಯಾಷ್ ಪ್ರಮಾಣದ ಬಗ್ಗೆ ಒಂದು ಪ್ರಯೋಗ ನಡೆಸುತ್ತಿದ್ದೆ. ಗಿಡಗಳು ಮಣ್ಣಿನಲ್ಲಿರಲಿಲ್ಲ, ತೆಂಗಿನ ನಾರಿನ ಪುಡಿ ತುಂಬಿದ ಚೀಲಗಳಲ್ಲಿದ್ದವು. ರಸಾವರಿಯನ್ನು ನಡೆಸುತ್ತಿದ್ದದ್ದು ರ‍್ಯಾಮ್ ನೆನಪಿನ ಹಳೆಯ ಕಂಟ್ರೋಲರು. ಸೆಲ್ಲಿನ ದೀಪ ಹತ್ತಿತು. ನಾನು ಶಿಸ್ತಿನ ಮನುಷ್ಯನಂತೆ ಅಂದೇ ಹೊಸ ಸೆಲ್ಲು ತರಿಸಿದೆ. ಪ್ಯಾನೆಲ್ಲಿನ ಒಳಗೆ 230 ವೋಲ್ಟಿನ ತಂತಿಗಳಿವೆಯಲ್ಲ, ಎಚ್ಚರಿಕೆಯಿಂದಿರಬೇಕೆಂದು ಮೇನ್ ಸ್ವಿಚ್ಚನ್ನು ಆರಿಸಿದೆ. ಹಳೆಯ ಸೆಲ್ಲನ್ನು ತೆಗೆದೆ. ಹೊಸದರ ಪ್ಲಗ್ಗು ತಿರುವುಮುರುವಾಗದಂತೆ ಕನ್ನಡಕ ಹಾಕಿಕೊಂಡು, ಪುಸ್ತಕ ನೋಡಿಕೊಂಡು, ನಿಧಾನವಾಗಿ ಕೂರಿಸಿದೆ. ಸ್ವಿಚ್ಚು ಹಾಕಿದರೆ ಯಂತ್ರ ಖಾಲಿ!

ಸೆಲ್ಲು ಸತ್ತಿದ್ದಾಗ ನೆನಪನ್ನು ಹಿಡಿದಿದ್ದದ್ದು ಲೈನಿನ ಕರೆಂಟು ಒಂದೇ. ಅದನ್ನೂ ನಾನೇ ಆರಿಸಿದ್ದೆ. ಈ ಕಾರಣದಿಂದಲೇ ಅನೇಕ ಮಾದರಿಗಳಲ್ಲಿ ಲೈನು ಚಾಲೂ ಇರುವಾಗಲೇ ಸೆಲ್ಲನ್ನು ಬದಲಾಯಿಸಬೇಕೆಂದು ಹೇಳಿರುತ್ತಾರೆ. ಇನ್ನು ಕೆಲವು ಮಾದರಿಗಳಲ್ಲಿ ಲೈನು ಆರಿಸಿದ ಮೇಲೂ ಅಲ್ಪ ಕಾಲ ನೆನಪನ್ನು ಕಾಯುವ ಕೆಪ್ಯಾಸಿಟರು ಇರುತ್ತದೆ, ಅಷ್ಟರೊಳಗೆ ಬದಲಾಯಿಸಬೇಕು. ಯಾವುದು ನಿಮ್ಮದೆಂದು ಪುಸ್ತಕವನ್ನು ಮೊದಲೇ ಓದಿಕೊಳ್ಳಬೇಕೇ ಹೊರತು ಸ್ವಿಚ್ಚು ಆರಿಸಿದ ಮೇಲೆ ಅಲ್ಲ. ಕರೆಂಟಿರುವ ಪ್ಯಾನೆಲ್ಲಿಗೆ ಕೈ ಹಾಕುವ ಕೆಲಸವನ್ನು ತಿಳಿದ ಎಲೆಕ್ಟ್ರಿಷಿಯನ್ನರಿಂದ ಮಾಡಿಸಿ. ನಾನು ಎಚ್ಚರಿಕೆ ವಹಿಸಿದ್ದು ತಪ್ಪಲ್ಲ, ತಿಳಿಯದೆ ಕೈ ಹಾಕಿದ್ದು ತಪ್ಪು.

ಪ್ರೋಗ್ರಾಂನ ಪ್ರತಿ ನಮ್ಮಲ್ಲಿರಲಿಲ್ಲ. ಕಂಟ್ರೋಲರನ್ನು ಒದಗಿಸಿದವರನ್ನು ಕೇಳಿದರೆ, ಅದು ತಮ್ಮ ಸ್ವತ್ತು, ಬಂದು ತುಂಬಿಸಿಕೊಡಲು ಬೇರೆ ಹಣ ಕೊಡಬೇಕು ಎಂದರು. ಅವರು ಬಂದದ್ದು ನಾಲ್ಕನೆಯ ದಿನ. ನಾರಿನ ಪುಡಿಯ ಚೀಲ ಹೊಲದ ಮಣ್ಣಿನಂತಲ್ಲ. ಹೊಲದಲ್ಲಿ ಎರಡು ದಿನ ನೀರು ತಪ್ಪಿದರೆ ಬೇರು ಆಳಕ್ಕಿಳಿದು ಹುಡುಕಿಕೊಳ್ಳುತ್ತದೆ. ಚೀಲದಲ್ಲಿ ಬೇರಿಗೆ ಇಳಿಯಲು ಜಾಗವೇ ಇಲ್ಲ. ಬಿಸಿಲಿನ ದಿನ ಹಲವು ಸಲ ಸ್ವಲ್ಪ ಸ್ವಲ್ಪವಾಗಿ ಕೊಡದಿದ್ದರೆ ಮಧ್ಯಾಹ್ನದೊಳಗೆ ಗಿಡ ತಲೆ ಬಾಗಿಸುತ್ತದೆ. ಇಬ್ಬರು ಆಳುಗಳು ರಬ್ಬರ್ ಕೊಳವೆ ಹಿಡಿದು ನಾಲ್ಕು ದಿನ ಗಿಡಗಳ ಜೀವ ಉಳಿಸಿದರು. ಆದರೆ ನೀರು ಏರುಪೇರಾದರೆ ಕಾಯಿಗೆ ಸುಣ್ಣದಂಶ ಸರಿಯಾಗಿ ತಲುಪುವುದಿಲ್ಲ. ಮುಂದಿನ ವಾರಗಳಲ್ಲಿ ಕಾಯಿಗಳ ತುದಿ ಕಪ್ಪಾಗಿ ಕೊಳೆಯತೊಡಗಿತು. ಒಂದು ಹಂಗಾಮಿನ ಅಂಕಿ ಅಂಶಗಳನ್ನೆಲ್ಲ ಕೈಬಿಡಬೇಕಾಯಿತು. ನನಗೆ ಸಂಬಳ ಬಂತು. ಸಾಲ ಮಾಡಿ ಪಾಲಿಹೌಸು ಕಟ್ಟಿದ ರೈತನಿಗೆ ಹಾಗಲ್ಲ.

ಸೆಲ್ಲೇ ಬೇಡ ಎನ್ನುವವರಿಗೆ

ಇಷ್ಟೆಲ್ಲ ತೊಂದರೆಯೇಕೆ, ಸೆಲ್ಲು ಬೇಡದ ಕಂಟ್ರೋಲರನ್ನೇ ಕೊಂಡರಾಯಿತಲ್ಲ ಎಂದು ಓದುಗರು ಕೇಳಬಹುದು. ಹೌದು, ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆಯೂ ಅದೇ. ಪ್ರೋಗ್ರಾಂ ಫ್ಲ್ಯಾಶ್ ನೆನಪಿನಲ್ಲಿರುವ ಮಾದರಿಗಳು ಈಗ ಧಾರಾಳವಾಗಿ ಸಿಗುತ್ತವೆ. ಆದರೆ ಅವುಗಳಲ್ಲಿಯೂ ಗಡಿಯಾರಕ್ಕೆ ಏನು ಆಸರೆ ಎಂಬುದನ್ನು ಕೇಳಬೇಕು. ಉದಾಹರಣೆಗೆ, ಸೀಮೆನ್ಸ್ ಕಂಪನಿಯ ಎಸ್.7-1200 ಮಾದರಿಯಲ್ಲಿ ಸೆಲ್ಲಿನ ಬದಲು ದೊಡ್ಡ ಕೆಪ್ಯಾಸಿಟರು ಇದೆ. ಅದು ಗಡಿಯಾರವನ್ನು ಸಾಮಾನ್ಯವಾಗಿ 20 ದಿನ, 40 ಡಿಗ್ರಿ ಬಿಸಿಯಲ್ಲಿ ಕನಿಷ್ಠ 12 ದಿನ ನಡೆಸುತ್ತದೆಂದು ತಯಾರಕರು ಹೇಳಿದ್ದಾರೆ. ದಿನಕ್ಕೆ 17 ಗಂಟೆ ಕರೆಂಟಿಲ್ಲದಿದ್ದರೆ ಇದಕ್ಕೆ ಏನೂ ಆಗದು. ಟ್ರಾನ್ಸ್‌ಫಾರ್ಮರು ಸುಟ್ಟು ಬದಲಿ ಬರಲು ಮೂರು ವಾರವಾದರೆ ಆಗುತ್ತದೆ. ಬೆಳೆಯಿಲ್ಲದ ಎರಡು ತಿಂಗಳು ಮೇನ್ ಆರಿಸಿಟ್ಟರೂ ಆಗುತ್ತದೆ.

ಹಳೆಯ ಕಂಟ್ರೋಲರು ಇರುವವರ ಮಾತು ಬೇರೆ. ನಷ್ಟವಾಗಿ ಮುಚ್ಚಿದ ಪಾಲಿಹೌಸುಗಳ ಸಾಮಾನನ್ನು ಎರಡನೆಯ ಕೈಯಲ್ಲಿ ಕೊಳ್ಳುವವರು ಈಗ ಕಡಿಮೆಯಿಲ್ಲ. ಎಷ್ಟೋ ತಿಂಗಳು ಮೂಲೆಯಲ್ಲಿದ್ದು ಬಂದ ಪೆಟ್ಟಿಗೆಯೊಳಗೆ ಸೆಲ್ಲು ಸತ್ತಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಇಂಥದನ್ನು ಸೆಲ್ಲಿಲ್ಲದೆ ನಡೆಸಲೇಬಾರದೆಂದು ನಾನು ಹೇಳುವುದಿಲ್ಲ. ಕೆಲವು ಮಾದರಿಗಳಿಗೆ ಪ್ರೋಗ್ರಾಂ ಕೆತ್ತಿಡುವ ಚಿಕ್ಕ ಮೆಮೊರಿ ಕ್ಯಾಸೆಟ್ಟನ್ನು ಬೇರೆಯಾಗಿ ಕೊಂಡು ಸಿಕ್ಕಿಸಬಹುದು, ಆಗ ಸೆಲ್ಲಿಲ್ಲದಿದ್ದರೂ ಪ್ರೋಗ್ರಾಂ ಉಳಿಯುತ್ತದೆ. ನಾನು ಹೇಳುವುದು ಒಂದೇ ಮಾತು: ಎಚ್ಚರ ತಪ್ಪಿ ಎದ್ದ ಯಂತ್ರ ಎದ್ದ ಕೂಡಲೇ ಏನು ಮಾಡಬೇಕೆಂಬುದನ್ನು ಕೊಳ್ಳುವಾಗಲೇ ಗೊತ್ತುಮಾಡಿಕೊಳ್ಳಿ. ಇದನ್ನು ಎಂಜಿನಿಯರು ಒಬ್ಬನೇ ತೀರ್ಮಾನಿಸಲಾರ, ಏಕೆಂದರೆ ಇದು ಬೆಳೆಯ ಪ್ರಶ್ನೆ.

ಸೆಲ್ಲಿಲ್ಲದ ರ‍್ಯಾಮ್ ನೆನಪಿನಲ್ಲಿ ಕರೆಂಟು ಬಂದಾಗ ಸೊನ್ನೆಯೇ ಇರುತ್ತದೆಂದು ನಂಬುವಂತಿಲ್ಲ. ಯಾವ ಅಂಕಿಯಾದರೂ ಇರಬಹುದು. ರಸಾವರಿಯಲ್ಲಿ ದ್ರಾವಣದ ಇ.ಸಿ. 2ರ ಆಸುಪಾಸು, ರಸಸಾರ 5.5 ರಿಂದ 6.5 ಇರಲೆಂದು ನೀವು ತುಂಬಿಸಿದ್ದೀರಿ. ಆ ಅಂಕಿಗಳ ಜಾಗದಲ್ಲಿ ಕಸ ಸೇರಿಕೊಂಡರೆ ಯಂತ್ರ ಅದನ್ನೇ ನಿಮ್ಮ ಅಪ್ಪಣೆಯೆಂದು ತಿಳಿದು ಗೊಬ್ಬರವನ್ನೋ ಆಮ್ಲವನ್ನೋ ಸುರಿಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಗಡಸು ನೀರಿಗೆ ಆಮ್ಲ ಸೇರಿಸುವುದು ಅನಿವಾರ್ಯ. ಆದರೆ ಒಂದು ಹೊತ್ತು ಆಮ್ಲ ಮಿತಿಮೀರಿದರೆ ಬೇರು ಸುಟ್ಟು, ಇಡೀ ಸಾಲು ಹೋಗುತ್ತದೆ. ಆದ್ದರಿಂದ ಎದ್ದ ಯಂತ್ರ ಮೊದಲು ತನ್ನ ನೆನಪು ಸರಿಯಿದೆಯೇ ಎಂದು ತಾನೇ ಪರೀಕ್ಷಿಸಿಕೊಳ್ಳಬೇಕು. ಸರಿಯಿಲ್ಲವಾದರೆ ಗೊಬ್ಬರದ ಮತ್ತು ಆಮ್ಲದ ಪಂಪುಗಳು ನಿಲ್ಲಬೇಕು, ಮನುಷ್ಯ ಬಂದು ಗುಂಡಿ ಒತ್ತುವವರೆಗೂ ಚಾಲೂ ಆಗಕೂಡದು. ಆದರೆ ಬರೀ ನೀರು ನಿಲ್ಲಕೂಡದು. ನಾರಿನ ಪುಡಿಯ ಚೀಲಗಳಿಗೆ ಬರೀ ನೀರಿನಿಂದ ಎರಡು ದಿನ ಕಳೆದರೆ ಗಿಡಕ್ಕೆ ಕೊಂಚ ಹಸಿವು, ಅಷ್ಟೇ. ನೀರೂ ಇಲ್ಲದಿದ್ದರೆ ಅಂದೇ ಸಾವು. ಕಂಟ್ರೋಲರನ್ನು ದಾಟಿ ಕೈಯಿಂದ ತಿರುಗಿಸುವ ಒಂದು ಗೇಟ್ ವಾಲ್ವು, ಪಂಪಿಗೊಂದು ಕೈ ಸ್ವಿಚ್ಚು ಇಲ್ಲದ ಪಾಲಿಹೌಸನ್ನು ನಾನು ಒಪ್ಪುವುದಿಲ್ಲ. ಇಷ್ಟನ್ನು ಪ್ರೋಗ್ರಾಂ ಬರೆಯುವವರಿಂದ ಕೇಳಿ ಮಾಡಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ. ಕರೆಂಟು ಬಂದ ಕೂಡಲೇ ಒಂದೇ ಒಂದು ಸಲ ನಡೆಯುವ ಭಾಗವನ್ನು ಪ್ರೋಗ್ರಾಂನಲ್ಲಿ ಬರೆಯುವುದು ಅವರಿಗೆ ದಿನನಿತ್ಯದ ಅಭ್ಯಾಸ. ಕೇಳುವವರು ಇಲ್ಲದ್ದರಿಂದ ಬರೆಯುವುದಿಲ್ಲ.

ಹಾಗೆಯೇ ಪ್ರೋಗ್ರಾಂನ ಒಂದು ಪ್ರತಿ ಮತ್ತು ಅದರ ಪಾಸ್‌ವರ್ಡು ರೈತನ ಕೈಯಲ್ಲಿರಬೇಕು. ಕಂಟ್ರೋಲರಿಗೆ ಹಣ ಕೊಟ್ಟವನಿಗೆ ಅದರ ಬುದ್ಧಿಯ ಮೇಲೆ ಹಕ್ಕಿಲ್ಲವೆನ್ನುವುದು, ನೇಗಿಲು ಮಾರಿ ಗುಳವನ್ನು ತಾನೇ ಇಟ್ಟುಕೊಂಡಂತೆ. ಪಾಲಿಹೌಸಿಗೂ ಹನಿ ನೀರಾವರಿಗೂ ಸರ್ಕಾರದ ಸಹಾಯಧನವಿದೆ. ಕಾಮಗಾರಿ ಪರಿಶೀಲನೆಗೆ ಬರುವ ಅಧಿಕಾರಿಗಳು ಕೊಳವೆಯ ಉದ್ದ, ಹೊದಿಕೆಯ ದಪ್ಪ ಅಳೆಯುವಾಗ, ಪ್ರೋಗ್ರಾಂನ ಪ್ರತಿ ಕೊಟ್ಟಿದ್ದಾರೆಯೇ ಎಂದೂ ಕೇಳಿ ರಸೀದಿ ಪಡೆಯುವಂತಾಗಬೇಕೆಂಬುದು ನನ್ನ ಬಹುದಿನದ ಆಗ್ರಹ.

ಇದಾವುದೂ ಕೈಗೂಡದವರು ಮಕ್ಕಳ ನೋಟುಪುಸ್ತಕವೊಂದನ್ನು ತೆಗೆದುಕೊಂಡು, ಕಂಟ್ರೋಲರಿನಲ್ಲಿರುವ ಪ್ರತಿ ಅಂಕಿಯನ್ನೂ ಇಂದೇ ಬರೆದಿಡಿ. ಯಾವ ವಾಲ್ವು ಎಷ್ಟು ನಿಮಿಷ, ಯಾವ ಸರದಿ, ಇ.ಸಿ. ಎಷ್ಟು, ರಸಸಾರ ಎಷ್ಟು, ಎ ತೊಟ್ಟಿ ಬಿ ತೊಟ್ಟಿಗಳ ಪ್ರಮಾಣ ಎಷ್ಟು, ಸೆಲ್ಲು ಹಾಕಿದ ತಾರೀಖು ಯಾವುದು. ಬದಲಾಯಿಸಿದಾಗಲೆಲ್ಲ ತಾರೀಖು ಹಾಕಿ ಬರೆಯಿರಿ. ನಮ್ಮ ನಾಲ್ಕು ದಿನದ ಪರದಾಟದಲ್ಲಿ ಅರ್ಧ ದಿನ ಹೋದದ್ದು ಹಳೆಯ ಅಂಕಿಗಳೇನಿದ್ದವೆಂದು ಜ್ಞಾಪಿಸಿಕೊಳ್ಳುವುದರಲ್ಲಿ.

ಗುಂಡ್ಲುಪೇಟೆಯ ತೋಟದಲ್ಲಿ ಮುಂದೇನಾಯಿತೆಂದು ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ನಾನು ಹೊಸ ಸೆಲ್ಲು ತನ್ನಿರೆಂದು ಹೇಳಿ ಬಂದಿದ್ದೆ. ಅದು ಬರುವ ಮೊದಲೇ ಅವರ ಮಗ, ಡಿಪ್ಲೊಮಾ ಓದುತ್ತಿರುವ ಹುಡುಗ, ಬೇರೊಂದು ಉಪಾಯ ಮಾಡಿದ್ದ. "ಕರೆಂಟು ಬಂದಾಗಲೆಲ್ಲ ಗಡಿಯಾರ ಸೊನ್ನೆಯಿಂದ ಶುರುವಾಗುತ್ತಲ್ಲ ಸಾರ್, ಮೊದಲ ವಾಲ್ವನ್ನು 8 ಗಂಟೆಗೆ ಬದಲು 1 ಗಂಟೆಗೆ ಇಟ್ಟೆ. ಕರೆಂಟು ಬಂದ ಒಂದು ಗಂಟೆಗೆ, ತೊಟ್ಟಿ ತುಂಬಿರುತ್ತೆ, ನೀರು ಹೋಗುತ್ತೆ," ಎಂದು ಫೋನಿನಲ್ಲಿ ಹೇಳಿದ. ನನಗೆ ನಗು ಬಂತು, ಸಂತೋಷವೂ ಆಯಿತು. ಯೋಚಿಸಿ ನೋಡಿದರೆ ಬಯಲು ತೋಟಕ್ಕೆ ಈ ಪದ್ಧತಿಯೇ ಸರಿ. ಒಂದು ವಾರ ಹಗಲು, ಒಂದು ವಾರ ರಾತ್ರಿ ಕರೆಂಟು ಕೊಡುವ ನಾಡಿನಲ್ಲಿ, ಬೆಳಿಗ್ಗೆ 8 ಗಂಟೆ ಎಂಬ ನಿಯಮವನ್ನು ಬಾಳೆ ಕೇಳಿಲ್ಲ, ನಾವು ಮಾಡಿಕೊಂಡದ್ದು. ಬಾಳೆಗೆ ಬೇಕಾದದ್ದು ದಿನಕ್ಕೆ ಇಷ್ಟು ನೀರು.

ಆದರೆ ಅದರಲ್ಲೊಂದು ಕೊರತೆ ಇತ್ತು. ಕರೆಂಟು ದಿನದಲ್ಲಿ ಮೂರು ಸಲ ಹೋಗಿ ಬಂದರೆ ಗಡಿಯಾರವೂ ಮೂರು ಸಲ ಸೊನ್ನೆಯಾಗಿ, ಮೂರು ಸಲ ನೀರು ಹರಿದೀತು. ಈಗಾಗಲೇ ಕೊಟ್ಟಾಯಿತು ಎಂಬುದನ್ನು ನೆನಪಿಡಲು ಮತ್ತೆ ಸೆಲ್ಲೇ ಬೇಕು. ಇದನ್ನು ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಲ್ಲ ಸಾರ್" ಎಂದ. ಈಗ ಅವರಲ್ಲಿ ಸೆಲ್ಲು ಇದೆ, ಹಾಕಿದ ತಾರೀಖನ್ನು ಮುಚ್ಚಳದ ಒಳಮೈಗೆ ಬಣ್ಣದಲ್ಲಿ ಬರೆದಿದ್ದಾರೆ. ಕರೆಂಟು ಬಂದ ಒಂದು ಗಂಟೆಯ ಮೇಲೆ ನೀರು ಬಿಡುವ ನಿಯಮವನ್ನೂ ಉಳಿಸಿಕೊಂಡಿದ್ದಾರೆ, ದಿನಕ್ಕೆ ಒಂದೇ ಸಲವೆಂಬ ಕಟ್ಟಿನೊಂದಿಗೆ. ಹನಿ ಕೊಳವೆಯ ಬಾಯಿಗೆ ಒಂದು ನೀರಿನ ಮೀಟರು ಕೂರಿಸಿ, ಪ್ರತಿ ಸಂಜೆ ಅದರ ಅಂಕಿಯನ್ನು ಪುಸ್ತಕದಲ್ಲಿ ಬರೆಯುವ ಕೆಲಸವನ್ನು ತಾಯಿ ವಹಿಸಿಕೊಂಡಿದ್ದಾರೆ. ಕಳೆದ ತಿಂಗಳು ಹೋದಾಗ ಆ ಪುಸ್ತಕವನ್ನು ನೋಡಿದೆ. ಎರಡು ಸಂಜೆಯ ಅಂಕಿ ಒಂದೇ ಆಗಿದ್ದ ಕಡೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ವಾಲ್ವು 3ರಲ್ಲಿ ಕಸ, ತೆಗೆಸಿದೆ' ಎಂದು ಬರೆದಿತ್ತು.